ನಮ್ಮ ಗುಡುಗಕ್ಕ ಮತ್ತು ಒಂಬತ್ತು ವಾರದ ಲೆಕ್ಕ

ನಮ್ಮಕ್ಕನ ಕೈ ಭಾರ, ಬಾಯಿ ಅದಕ್ಕಿಂತ ಭಾರ. ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ಕೂದಲು ಬೆಳ್ಳಗಾಯಿತು. ಡಾಕ್ಟರಮ್ಮನಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವಳು ಗುಡುಗಕ್ಕ. ನಾನು ಅದೇ ಆಸ್ಪತ್ರೆಗೆ ಆಕ್ಸಿಜನ್ ಸಿಲಿಂಡರ್ ಇಳಿಸುವವನು. ಅವಳ ಜಗಳಗಳಲ್ಲಿ ಅರ್ಧ ಕಣ್ಣಾರೆ ನೋಡಿದ್ದೇನೆ, ಉಳಿದರ್ಧದಲ್ಲಿ ನಾನೇ ಇದ್ದೆ.

ಮದುವೆಯಾದ ವರ್ಷವೇ ಗಂಡ ಊದುಗೊಳವೆಯಿಂದ ಹೊಡೆದ. ಇವಳು ಅದನ್ನೇ ಕಿತ್ತುಕೊಂಡು ಅವನ ಮಂಡಿಚಿಪ್ಪಿಗೆ ಬಿಟ್ಟು ತವರಿಗೆ ಬಂದಳು. ಮತ್ತೆ ಹೋಗಲಿಲ್ಲ. ಮಕ್ಕಳಿಲ್ಲವಲ್ಲ ಅಂತ ಯಾರಾದರೂ ಲೊಚಗುಟ್ಟಿದರೆ, "ಊರೆಲ್ಲಾ ಹೆರ್ತಾರೆ, ನಾನು ಹಿಡ್ಕೋತೀನಿ. ಸಾಲ್ದಾ?" ಅನ್ನುವಳು.

ಹೆರಿಗೆ ಕೋಣೆ ಅಂದರೆ ಜೋಗುಳ, ತೊಟ್ಟಿಲು ಅಂದುಕೊಂಡವರು ಒಂದು ಗಳಿಗೆ ಒಳಗೆ ನಿಂತು ನೋಡಲಿ. ರಕ್ತ, ಫಿನಾಯಿಲು, ಕಬ್ಬಿಣದ ಮಂಚ ಅದುರುವಷ್ಟು ಕಿರುಚಾಟ. ಅದರ ಮಧ್ಯೆ ನಮ್ಮಕ್ಕ ನೋವು ತಿನ್ನುವವಳ ತೊಡೆಗೆ ಫಟಾರನೆ ಬಾರಿಸಿ "ಮುಕ್ಕೇ! ಉಸಿರು ಕಟ್ಟಿ ಮುಕ್ಕು!" ಅಂತ ಗುಡುಗುವಳು. ಹೆರುವವಳಿಗೆ ಯಾಕೆ ಹೊಡೀತೀಯ ಅಂತ ಕೇಳಿದೆ ಒಮ್ಮೆ. "ನೀನು ಬಸಿರಾದಾಗ ಮುದ್ದು ಮಾಡ್ತೀನಿ, ಹೋಗೋ" ಅಂದಳು.

ಬಸಿರು ಗುರುತಿಸುವುದರಲ್ಲಿ ತನ್ನನ್ನು ಮೀರಿಸಿದವರಿಲ್ಲ ಅನ್ನುವ ಜಂಬ ಬೇರೆ. ಮುಖದ ಕಳೆ, ಬೆಳಗಿನ ವಾಕರಿಕೆ, ಮೊಲೆತೊಟ್ಟಿನ ಸುತ್ತ ಏರುವ ಕಪ್ಪು, ಇಷ್ಟು ನೋಡಿ ತೀರ್ಪು ಕೊಟ್ಟುಬಿಡುವಳು. ಒಬ್ಬಳಿಗೆ ಅವಳಿ ಅಂದಳು. ಸ್ಕ್ಯಾನಿನಲ್ಲಿ ನೋಡಿದರೆ ಬರೀ ವಾಯು.

ಡಾಕ್ಟರಮ್ಮ ಒಳಗೆ ಹೇಳಿದ್ದನ್ನು ಹೊರಗೆ ಜಗಲಿಯಲ್ಲಿ ಕಾಯುವವರಿಗೆ ಕೂಗಿ ಹೇಳುವುದು ಅವಳದೇ ಕೆಲಸ. ಬಸ್ಸಿನ ಕಂಡಕ್ಟರು ಊರು ಕೂಗಿದ ಹಾಗೆ ಕೂಗುವಳು. ಆವತ್ತೂ ಕೂಗಿದಳು.

"ಯಾರಪ್ಪಾ ಗಾರೆಯವ್ನು? ನಿನ್ನ ಹೆಂಡ್ತಿಗೆ ಒಂಬತ್ತು ವಾರ! ಅಪ್ಪ ಆಗ್ತಿದ್ದೀಯ, ಹಲ್ಲು ಬಿಡು!"

ಗಾರೆಯವನು ಹಲ್ಲು ಬಿಡಲಿಲ್ಲ. ದೂರದಲ್ಲೆಲ್ಲೋ ಸೇತುವೆ ಕೆಲಸಕ್ಕೆ ಹೋಗಿ, ತಿಂಗಳುಗಟ್ಟಲೆ ಅಲ್ಲೇ ಇದ್ದು ಬಂದವನು. ನಿಂತಲ್ಲೇ ಬೆರಳು ಮಡಚಿ ಎಣಿಸಿದ. ಮುಖ ಸುಣ್ಣವಾಯಿತು. ಅಷ್ಟರಲ್ಲಿ ಹೆಂಡತಿ ಸೆರಗು ಸರಿ ಮಾಡಿಕೊಳ್ಳುತ್ತಾ, ನಾಚಿಕೊಂಡು ಹೊರಗೆ ಬಂದಳು.

"ನಾನು ಬಂದು ಏಳೇ ವಾರ. ಮೊದಲಿನ ಎರಡು ವಾರ ಯಾರದ್ದೇ, ಲೌಡಿ?"

ಅವಳಿಗೆ ಬಾಯಿ ತೆರೆಯಲೂ ಬಿಡಲಿಲ್ಲ. ಜಡೆ ಹಿಡಿದು ಮೆಟ್ಟಿಲ ಮೇಲೆ ಎಳೆದ. ತಲೆ ಕಲ್ಲಿಗೆ ಬಡಿದ ಸದ್ದು ನನಗೆ ಲಾರಿಯ ಹತ್ತಿರಕ್ಕೂ ಕೇಳಿಸಿತು. ಬಿದ್ದವಳ ಹೊಟ್ಟೆಗೆ ಒದ್ದ. ಜಗಲಿ ತುಂಬಾ ಗಂಡಸರು ಕೂತಿದ್ದರು. ಒಬ್ಬನೂ ಏಳಲಿಲ್ಲ, ಗಂಡ ಹೆಂಡತಿ ವಿಷಯ ಅಂತೆ! ಥೂ!

ಎದ್ದವಳು ಅಕ್ಕ. "ಅಯ್ಯೋ, ನನ್ನ ಬಾಯಿಗೆ ಬೆಂಕಿ ಹಾಕ!" ಅನ್ನುತ್ತಲೇ ಹಾರಿ, ಆ ಹುಡುಗಿಯ ಮೇಲೆ ಕವುಚಿ ಬಿದ್ದಳು. ಗಾರೆಯವನು ಗ್ಲೂಕೋಸ್ ಬಾಟಲಿ ನೇತುಹಾಕುವ ಕಬ್ಬಿಣದ ಸ್ಟ್ಯಾಂಡು ಎತ್ತಿ ಬೀಸಿದ. ಅಕ್ಕ ಕೈ ಅಡ್ಡ ಕೊಟ್ಟಳು. ಒಣಕಟ್ಟಿಗೆ ಮುರಿದ ಹಾಗೆ ಲಟಕ್ ಅಂತು.

ಆಮೇಲೆ ನನಗೆ ಕಣ್ಣು ಕಾಣಲಿಲ್ಲ. ಲಾರಿಯ ಹತ್ತಿರದಿಂದ ಓಡಿಬಂದು ಅವನ ಕತ್ತು ಹಿಡಿದು ಗೋಡೆಗೆ ಗುದ್ದಿದೆ, ಮೂಗು ಜಜ್ಜಿಹೋಯಿತು. ಕೆಡವಿ, ಆಗಲೇ ಜಗಲಿಗೆ ಇಳಿಸಿಟ್ಟಿದ್ದ ಚಿಕ್ಕ ಸಿಲಿಂಡರೊಂದನ್ನು ಅವನ ತಲೆಯ ಮೇಲೆ ಎತ್ತಿದೆ. ಇನ್ನೊಂದು ಉಸಿರಿಗೆ ಬಿಡುವವನಿದ್ದೆ.

"ಇಳಿಸೋ ತಮ್ಮಾ!" ಅಕ್ಕ ಗುಡುಗಿದಳು. "ಅವನು ಸತ್ರೆ ಇವಳ ಮೇಲಿನ ಕಳಂಕ ಹಂಗೇ ಉಳೀತದೆ. ಬದುಕಿ ಕೇಳಿಸ್ಕೋಬೇಕು ಅವನು!"

ಇಳಿಸಿದೆ. ಹುಡುಗಿಯ ಸೀರೆ ಒದ್ದೆಯಾಗುತ್ತಿತ್ತು, ರಕ್ತ. ನರ್ಸುಗಳು ಅವಳನ್ನು ಎತ್ತಿಕೊಂಡು ಒಳಗೆ ಓಡಿದರು. ಅಕ್ಕ ಮುರಿದ ಕೈ ಜೋತಾಡಿಸಿಕೊಂಡೇ ಬಂದು ಗಾರೆಯವನ ಎದೆಯ ಮೇಲೆ ಕೂತಳು.

"ಮನೆ ಕೆಲಸ ಶುರುವಾಗಿ ಎಷ್ಟು ದಿನ ಆಯ್ತು ಅಂತ ಕೇಳಿದ್ರೆ ಯಾವತ್ತಿಂದ ಎಣಿಸ್ತೀಯ? ಹೇಳೋ!"

ಅವನು ರಕ್ತ ಉಗುಳಿದ. "ಪಾಯ ಅಗೆದ ದಿನದಿಂದ."

"ಅವತ್ತು ಗೋಡೆ ಇರ್ತದಾ?"

"ಇಲ್ಲ."

"ಡಾಕ್ಟರ ಲೆಕ್ಕಾನೂ ಅದೇ ಕಣೋ ಮುಠ್ಠಾಳ! ಹೊಟ್ಟೇಲಿ ಕೂಸು ನಿಂತ ದಿನ ಯಾರಿಗೆ ಗೊತ್ತಾಗ್ತದೆ? ಅದಕ್ಕೇ ಕಡೇ ಸಲ ಮುಟ್ಟಾದ ದಿನದಿಂದ ಎಣಿಸ್ತಾರೆ. ಅದಾಗಿ ಎರಡು ವಾರಕ್ಕೆ ಕೂಸು ನಿಲ್ಲೋದು. ನೀನು ಊರಿಗೆ ಬಂದಾಗ ಬರೀ ಪಾಯ ಇತ್ತು. ಗೋಡೆ ಕಟ್ಟಿದೋನು ನೀನೇ!"

ಗದ್ದಲ ಕೇಳಿ ಬಂದ ಡಾಕ್ಟರಮ್ಮನೂ ಅದನ್ನೇ ಹೇಳಿದರು. ಎಲ್ಲಾ ಬಸುರಿಯರಿಗೂ ಇದೇ ಲೆಕ್ಕ, ಎರಡು ವಾರ ಹೆಚ್ಚೇ ಬರುತ್ತದೆ ಅಂದರು. ಅವನು ಮತ್ತೆ ಬೆರಳು ಮಡಚಿದ. ಈ ಸಲ ಲೆಕ್ಕ ಕೂಡಿತು. ನೆಲಕ್ಕೆ ತಲೆ ಚಚ್ಚಿಕೊಂಡು ಹೋ ಅಂತ ಅತ್ತ. ನನಗೆ ಒಂದು ಚೂರೂ ಕನಿಕರ ಬರಲಿಲ್ಲ.

ಸ್ಕ್ಯಾನಿನಲ್ಲಿ ಕೂಸಿನ ಎದೆ ಇನ್ನೂ ಬಡಿಯುತ್ತಿತ್ತು. ಕೂಸು ಉಳಿಯಬಹುದು, ಹೋಗಲೂಬಹುದು, ಹುಡುಗಿ ಅಲ್ಲಾಡದೆ ಮಲಗಬೇಕು ಅಂದರು. ಅಕ್ಕ ಕೈಗೆ ಪಟ್ಟಿ ಕಟ್ಟಿಸಿಕೊಳ್ಳದೆ ಮಂಚದ ಪಕ್ಕ ಹೋಗಿ ನಿಂತಳು, ಅವಳ ಹಿಂದೆಯೇ ನಾನೂ.

"ತಾಯೀ, ನನ್ನ ಬಾಯಿಂದ ಆಗಿದ್ದು. ಅವನಿಗೆ ಲೆಕ್ಕ ತಿಳೀತು. ಹೊರಗೆ ಅಳ್ತಾ ಕೂತವ್ನೆ. ಒಳಗೆ ಬಿಡ್ಲಾ?"

ಆ ಹುಡುಗಿಯ ತುಟಿ ಊದಿ ಮಾತು ತೊದಲುತ್ತಿತ್ತು. "ಅಕ್ಕಾ, ನಿಮ್ಮ ಬಾಯಿ ನನ್ನ ಹೊಟ್ಟೆಗೆ ಒದೀಲಿಲ್ಲ. ಇವತ್ತು ವಾರದ ಲೆಕ್ಕ ಸಿಗ್ಲಿಲ್ಲ, ಒದ್ದ. ನಾಳೆ ಕೂಸಿನ ಮೂಗು ತನ್ನ ಹಾಗಿಲ್ಲ ಅಂತಾನೆ. ಬಿಡಬೇಡಿ. ನಮ್ಮಣ್ಣನಿಗೆ ಹೇಳಿ ಕಳಿಸಿ."

ಅಕ್ಕ ಸರಸರ ಬಾಗಿಲಿಗೆ ಬಂದಳು. ಗಾರೆಯವನು ಆಗಲೇ ಹೊಸ್ತಿಲಲ್ಲಿದ್ದ, ಮುಖವೆಲ್ಲಾ ಸಿಂಬಳ, ರಕ್ತ.

"ದಾರಿ ಬಿಡಮ್ಮ! ಒಳಗಿರೋದು ನನ್ನ ಕೂಸು!"

"ಈಗ ನಿಂದಾಯ್ತಾ?" ಅಂದಳು ಅಕ್ಕ.

ಅವನು ಚೌಕಟ್ಟು ಹಿಡಿದು ನುಗ್ಗಲು ನೋಡಿದ. ಅವನ ಬೆರಳು ಸಂದಿನಲ್ಲಿದ್ದದ್ದು ನನಗೆ ಕಂಡಿತು, ಅವಳಿಗೂ ಕಂಡಿತು. ಇದ್ದ ಒಂದೇ ಕೈಯಲ್ಲಿ ಆ ತೇಗದ ಬಾಗಿಲನ್ನು ಎಳೆದು ಹಾಕಿದಳು. ಹೊರಗೆ ಅವನು ಬೆರಳು ಕಿತ್ತುಕೊಂಡು ಚೀರಿದ. ಒಳಗೆ ಚಿಲಕ ಬಿತ್ತು.