ಏಳನೆಯ ಲಾರಿ
ಕೊರೋನಾ ಬಂದು ವಿಮಾನಗಳು ನಿಂತಾಗ ಜಪಾನಿನ ಓಜಿಮಾದಲ್ಲಿರುವ ಮಗಳ ಮನೆಯಲ್ಲೇ ಉಳಿದ ಗಂಗಾವತಿಯ ಗಿರಣಿ ಮಾಲೀಕ ಚಂದ್ರಮೌಳಿ ದಿನಾ ಬೆಳಿಗ್ಗೆ ಕರಿ ತಟ್ಟೆಯಲ್ಲಿ ಒಂದು ಹಿಡಿ ಅಕ್ಕಿ ಹರಡಿ, ಉಗುರಿನಿಂದ ಕಾಳು ಸರಿಸಿ, "ನುಚ್ಚ ಇಲ್ಲಲ್ಲವಾ ಈ ಅಕ್ಕ್ಯಾಗ!" ಎಂದು ಕೈಮುಗಿಯುವರು, ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯ ಅನ್ನದುಂಡೆಯನ್ನೂ ಬಿಡಿಸಿ ನುಚ್ಚು ಹುಡುಕಿದವರು. ಒಂದು ಕಾಳು ಕಡಿದರೆ ಸಾಕು, ತೇವ ಎಷ್ಟೆಂದು ಹೇಳುವರು. ಪ್ರಭಾಳಿಗೆ ಅಪ್ಪನ ಹಲ್ಲೇ ಒಂದು ಬೆರಗು. ಸರ್ಕಾರದ ಖರೀದಿ ನಿಗಮ ಕೊಟ್ಟ ಭತ್ತದಿಂದ ಅವರು ಮಾಡಿಕೊಟ್ಟ ಹತ್ತು ಲಾರಿ ಅಕ್ಕಿಯನ್ನು ನುಚ್ಚು ಹೆಚ್ಚೆಂದು ನಿಗಮ ತಿರಸ್ಕರಿಸಿ, ಗಿರಣಿಯನ್ನು ಕಪ್ಪುಪಟ್ಟಿಗೆ ಸೇರಿಸಿತ್ತು. ಭತ್ತವೇ ಸರಿಯಿರಲಿಲ್ಲ ಎಂದು ಇವರು ಕೋರ್ಟಿಗೆ ಹೋಗಿದ್ದರು. ಸೋತರೆ ಗಿರಣಿಗೆ ಬೀಗ. ವಿಚಾರಣೆ ವಿಡಿಯೊದಲ್ಲಿ. ವಾಯಿದೆಯ ಮಧ್ಯಾಹ್ನ ಇಸ್ತ್ರಿ ಅಂಗಿ ತೊಟ್ಟು ಕೂರುವರು, ನ್ಯಾಯಾಧೀಶರು ಕಂಡೊಡನೆ ಎದ್ದು ನಿಲ್ಲುವರು. ಪರದೆಯ ತುಂಬ ಬರೀ ಹೊಟ್ಟೆ. "ಕುಂಡ್ರಪ್ಪಾ, ಮಾರಿ ಕಾಣವಲ್ದು" ಎಂದು ಪ್ರಭಾ ಅಂಗಿ ಜಗ್ಗುವಳು. ಕೊನೆಯ ವಿಚಾರಣೆಯಲ್ಲಿ ನಿಗಮದ ವಕೀಲರು ಹತ್ತೂ ಲಾರಿಯ ಅಕ್ಕಿಯ ಫೋಟೊ ತೋರಿಸಿದರು. ತಮ್ಮ ವಕೀಲರು ಬೇಡವೆಂದು ಕೈ ಆಡಿಸುತ್ತಿದ್ದರೂ ಚಂದ್ರಮೌಳಿ ಎದ್ದರು: "ಸಾಹೇಬ್ರ, ಏಳನೇ ಲಾರಿದು ನಂದ ತಪ್ಪೈತ್ರಿ. ಅವತ್ತ ನಮ್ಮ ಗಿರಣಿ ಭತ್ತ ಸುಲಿಯೋ ರಬ್ಬರ್ ರೋಲು ಸವದು ಕಾಳು ಮುರದಿದ್ವು. ಉಳಿದ ಒಂಬತ್ತಕ್ಕ ನಿಗಮದ ಭತ್ತನ ಕಾರಣ." ಈ ಸಲ ಪ್ರಭಾ ಅಂಗಿ ಜಗ್ಗಲಿಲ್ಲ, ತಾನೂ ಎದ್ದು ನಿಂತಳು.