ಎರಡು ವಾರ್ಡುಗಳ ನಡುವಿನ ಹಲಗೆ

ನಮ್ಮ ಸೋದರಮಾವನಿಗೆ ಎಡಗಿವಿ ಮಂದ. ಭಾಷಣ ಕೇಳಿ ಕೇಳಿ ಹಾಗಾಯಿತು. ಯಾವ ಪಕ್ಷದ ಸಭೆಯಾದರೂ ಮೈಕ್ ಸೆಟ್ ಅವನದೇ, ಆದ್ದರಿಂದ ಅದು ಎಲ್ಲ ಪಕ್ಷಗಳೂ ಸೇರಿ ಕೆಡಿಸಿದ ಕಿವಿ. ಅವರೆಲ್ಲ ಒಮ್ಮತದಿಂದ ಮಾಡಿ ಮುಗಿಸಿದ ಕೆಲಸ ಅದೊಂದೇ ಇರಬೇಕು.

ಊರಿಗೆಲ್ಲ ಅವನು ಮೈಕ್ ಮಾವ. ಆದರೆ ಮೈಕಿನಲ್ಲಿ ಅವನು ಈ ಜನ್ಮದಲ್ಲಿ ಆಡಿದ್ದು “ಹಲೋ, ಟೆಸ್ಟಿಂಗ್” ಅಷ್ಟೇ. ಆಮೇಲೆ ವೇದಿಕೆಯ ಪಕ್ಕ ಖಾಲಿ ಪೆಟ್ಟಿಗೆಯ ಮೇಲೆ ಕೂತುಬಿಡುತ್ತಿದ್ದ. ಬಂದ ನಾಯಕರೆಲ್ಲ ಅವನ ಕಿವಿಯಲ್ಲಿ, ಅದೂ ಆ ಮಂದಗಿವಿಯಲ್ಲೇ, ಹೇಳುತ್ತಿದ್ದದ್ದು ಒಂದೇ ಮಾತು: “ಎಕೋ ಸ್ವಲ್ಪ ಜಾಸ್ತಿ ಇಡಪ್ಪ.” ಎಕೋ ಇದ್ದರೆ “ನೋಡೋಣ, ಮಾಡೋಣ” ಅನ್ನುವುದೂ ಅಶರೀರವಾಣಿಯಂತೆ ಕೇಳಿಸುತ್ತದೆ.

ನಮ್ಮ ಬೀದಿಯ ನಡುವೆ ಉದ್ದಕ್ಕೂ ಒಂದು ತೆರೆದ ಚರಂಡಿ. ಈಚೆ ನಮ್ಮ ಮನೆ, ಎದುರಿಗೆ ಆಚೆ ಮಾವನ ಮನೆ. ಅಜ್ಜಿ ಇರುವುದು ಮಗಳ ಜೊತೆ, ಅಂದರೆ ನಮ್ಮಮ್ಮನ ಜೊತೆ. ಜೀವ ಇರುವುದು ಮಗನ ಮನೆಯಲ್ಲಿ. ದಿನಾ ಸಂಜೆ ಆಚೆ ಹೋಗಿ ಸೊಸೆಯ ತಪ್ಪು ಹುಡುಕಿ ಬಂದರೇನೇ ಅವಳಿಗೆ ನಿದ್ದೆ. ಒಂದು ಸಂಜೆ ಕಾಲು ಜಾರಿ ಚರಂಡಿಗೆ ಬಿದ್ದಳು. ಸೊಂಟ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಅಂದಿನಿಂದ ಕಿಟಕಿಯಲ್ಲಿ ಕೂತು ಮಗನ ಮನೆಯ ಬಾಗಿಲು ನೋಡುವುದೇ ಕೆಲಸ. ಸೊಸೆಯ ತಪ್ಪುಗಳು ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ; ಅದೇ ಕೊರಗಿನಲ್ಲಿ ಅವಳು ಇಳಿದುಹೋದಳು.

ಚರಂಡಿಗೆ ಚಪ್ಪಡಿ ಹಾಕಿಸಿ ಎಂದು ಅಮ್ಮ ಹೊಲಿಗೆ ಮಷೀನು ಮುಚ್ಚಿಟ್ಟು ನಗರಸಭೆಗೆ ಅಲೆದಳು. ಅಲ್ಲಿ ಪ್ರತಿ ಸಲವೂ ಮೊಣಕೈಗೆ ಬೆಲ್ಲ ಸವರಿ ಕಳಿಸಿದರು. ಕೊನೆಗೆ ರೇಗಿ, “ನಾನೇ ಚುನಾವಣೆಗೆ ನಿಲ್ತೀನಿ” ಅಂದಳು. ಬೀದಿಯ ಎರಡೂ ಸಾಲಿನವರು ಓಟು ಹಾಕಿದರೆ ಅವಳು ಗೆದ್ದ ಹಾಗೇ ಎಂದು ನಾವು ಲೆಕ್ಕ ಹಾಕಿದೆವು. ವಾರ್ಡಿನ ಹಳೇ ಸದಸ್ಯರೂ ಅದೇ ಲೆಕ್ಕ ಹಾಕಿದ್ದರು. ಚುನಾವಣೆಗೆ ಮುಂಚೆ ವಾರ್ಡಿನ ಗಡಿ ಬದಲಾಯಿತು. ಹೊಸ ಗೆರೆ ಸೀದಾ ನಮ್ಮ ಚರಂಡಿಯ ಮೇಲೆ ಹಾದುಹೋಯಿತು.

ಮಾವನ ಸಾಲು ರೈಲು ಹಳಿಯಾಚೆಯ ವಾರ್ಡಿಗೆ ಸೇರಿತು. ಒಡಹುಟ್ಟಿದ ಅಕ್ಕ ಎದುರು ಮನೆಯಲ್ಲೇ ಇದ್ದರೂ ಅವಳಿಗೆ ಓಟು ಹಾಕುವಂತಿಲ್ಲ. ಹಳಿಯಾಚೆ, ಮುಖ ಕೂಡ ನೋಡದ ಯಾರಿಗೋ ಹಾಕಬೇಕು. ಕೇಳಲು ಹೋದ ಮಾವನಿಗೆ ಅಧಿಕಾರಿ, “ಇದೆಲ್ಲ ವೈಜ್ಞಾನಿಕವಾಗಿ ಮಾಡಿರೋದು ರೀ” ಅಂದರಂತೆ. ವಿಜ್ಞಾನಕ್ಕೆ ಹಳೇ ಸದಸ್ಯರ ಬಾಮೈದನ ಮನೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಅವನು ಇರುವುದು ಆಚೆಯ ಸಾಲಿನಲ್ಲೇ. ಅಲ್ಲಿ ಮಾತ್ರ ಗೆರೆ ಚರಂಡಿ ದಾಟಿ, ಅವನ ಹಿತ್ತಲು ಸುತ್ತಿ, ಮನೆಯನ್ನು ಒಳಗೆ ಹಾಕಿಕೊಂಡು ಮತ್ತೆ ಚರಂಡಿಗೆ ಮರಳಿತ್ತು.

ಅಮ್ಮ ಸೋತಳು. ಗೆದ್ದ ಹಳೇ ಸದಸ್ಯರಿಗೆ ಬಿದ್ದದ್ದು ಮೂರರಲ್ಲೊಂದು ಪಾಲು ಓಟೂ ಅಲ್ಲ. ಉಳಿದದ್ದೆಲ್ಲ ಅಮ್ಮನಿಗೂ ಮತ್ತೆ ಕೆಲವರಿಗೂ ಹಂಚಿಹೋಗಿತ್ತು. ಹೆಚ್ಚು ಜನ ಯಾರನ್ನು ಬೇಡ ಅಂದರೋ ಅವರೇ ಗೆಲ್ಲುವ ಈ ಏರ್ಪಾಡನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ನಗರಸಭೆಯಲ್ಲಂತೂ ಚಪ್ಪಡಿಗೆ ಹೊಸ ಉತ್ತರ ಸಿದ್ಧವಾಗಿತ್ತು: “ಅದು ಎರಡು ವಾರ್ಡಿನ ನಡುವಿನ ಜಾಗ ಕಣಮ್ಮ. ಯಾವ ವಾರ್ಡಿನೋರೂ ಕೈ ಹಾಕೋ ಹಾಗಿಲ್ಲ.”

ವಿಜಯದ ಸಭೆ ನಮ್ಮ ಬೀದಿಯಲ್ಲೇ ಆಗಬೇಕಂತೆ, ಗಾಯದ ಮೇಲೆ ಉಪ್ಪು ಕಡಿಮೆಯಾಗಿತ್ತಲ್ಲ! ಹಳಿಯಾಚೆಯ ವಾರ್ಡಿನಲ್ಲೂ ಅವರ ಪಕ್ಷವೇ ಗೆದ್ದಿದ್ದರಿಂದ ವೇದಿಕೆ ಆಚೆ ಕಟ್ಟಿದರು. ಕಾರು ನಿಲ್ಲುವುದು ಈಚೆ. ಗೆದ್ದವರ ಬೂಟಿಗೆ ಕೊಳೆ ತಾಗಬಾರದು ನೋಡಿ, ಯಾರೂ ಕೈ ಹಾಕುವಂತಿಲ್ಲದ ಆ ಜಾಗಕ್ಕೆ ನಗರಸಭೆಯ ಕೆಲಸದವರು ಬೆಳಿಗ್ಗೆಯೇ ಬಂದು ದಪ್ಪ ಹಲಗೆ ಜೋಡಿಸಿ, ಹಿಡಿದುಕೊಳ್ಳಲು ಕಂಬಿಯನ್ನೂ ಕಟ್ಟಿದರು. ಮೈಕ್ ಸೆಟ್ ಎಂದಿನಂತೆ ಮಾವನದು.

“ನನ್ನ ಸೋಲಿಗೂ ಎಕೋ ಕೊಡ್ತೀಯೇನೋ?” ಅಮ್ಮ ಈಚೆಯಿಂದ ಕೂಗಿದಳು.

“ಹೊಟ್ಟೆಪಾಡು ಅಕ್ಕ,” ಎಂದು ಮಾವ ತಲೆ ತಗ್ಗಿಸಿ ವಯರು ಬಿಡಿಸತೊಡಗಿದ.

ಸದಸ್ಯರು ಬಹಳ ಹೊತ್ತು ಮಾತಾಡಿದರು. ಸಮಸ್ತ ಜನತೆ ಒಂದೇ ಧ್ವನಿಯಲ್ಲಿ ತಮ್ಮನ್ನು ಆರಿಸಿದೆ ಎಂದರು. ತಾಯಂದಿರ ಪಾದಧೂಳಿಯೇ ತಮಗೆ ಶ್ರೀರಕ್ಷೆ ಎಂದರು. ಆಮೇಲೆ ಹಲಗೆ ದಾಟಿ ಕಾರಿನ ಹತ್ತಿರ ಬಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಅವರ ಬೆನ್ನಿಗೇ ಕೆಲಸದವರು ಹಲಗೆ ಎತ್ತಲು ಬಗ್ಗಿದರು. ನಮ್ಮ ಕಿಟಕಿಯಲ್ಲಿ ಅಜ್ಜಿ ಸರಳು ಹಿಡಿದು ಎದ್ದು ನಿಂತಿದ್ದಳು. ಅದು ಮಾವನಿಗೆ ಕಾಣಿಸಿತು.

“ಹಲೋ, ಟೆಸ್ಟಿಂಗ್,” ಎಂದ ಮಾವ. ಈ ಸಲ ಅಲ್ಲಿಗೆ ನಿಲ್ಲಿಸಲಿಲ್ಲ. “ಹಲಗೆ ಎತ್ತೋಕೆ ಬಂದಿರೋರು ಸ್ವಲ್ಪ ಹೇಳಿ, ನೀವು ಯಾವ ವಾರ್ಡಿನೋರು? ಅದು ಎರಡು ವಾರ್ಡಿನ ನಡುವಿನ ಜಾಗ. ಯಾವ ವಾರ್ಡಿನೋರೂ ಕೈ ಹಾಕೋ ಹಾಗಿಲ್ಲ ಅಂತ ನಗರಸಭೆಯೋರೇ ಹೇಳಿದಾರೆ... ಹೇಳಿದಾರೆ... ಹೇಳಿದಾರೆ...” ಎಕೋ ಪೂರ್ತಿ ತಿರುಗಿಸಿಟ್ಟಿದ್ದ.

ಎರಡೂ ವಾರ್ಡಿನವರು ಬಿದ್ದು ಬಿದ್ದು ನಕ್ಕರು. ಕೆಲಸದವರು ಬಗ್ಗಿದವರು ಬಗ್ಗಿದ ಹಾಗೇ ಸದಸ್ಯರ ಮುಖ ನೋಡಿದರು. ಅಷ್ಟು ಜನರ ಎದುರು ಸದಸ್ಯರು ತಾನೇ ಏನು ಮಾಡಿಯಾರು? “ಇರಲಿ ಬಿಡ್ರಯ್ಯ, ನಾನೇ ಹೇಳೋಣ ಅಂತಿದ್ದೆ,” ಎಂದು ಹಲ್ಲು ಕಿರಿದು ಕಾರು ಹತ್ತಿದರು. ಮರುದಿನ ಕಂಬಿಗೆ ಅವರ ಫೋಟೋದ ಬ್ಯಾನರ್ ಬಂತು: “ನುಡಿದಂತೆ ನಡೆದವರು.” ಮಾವನನ್ನು ಆ ಪಕ್ಷದವರು ಮತ್ತೆ ಯಾವ ಸಭೆಗೂ ಕರೆಯಲಿಲ್ಲ.

ಅದೆಲ್ಲ ಆಮೇಲಿನ ಮಾತು. ಆ ಸಂಜೆ ಜನ ಕರಗಿದ ಮೇಲೆ ಅಜ್ಜಿ ನನ್ನ ಕೈ ಬಿಡಿಸಿಕೊಂಡು, ಕಂಬಿ ಹಿಡಿದು, ಒಬ್ಬಳೇ ಹಲಗೆ ದಾಟಿದಳು. ಮಗನ ಮನೆಯ ಜಗಲಿಯ ಮೇಲೆ ಕೂತು, ಮೊದಲು ಸೊಸೆ ಬಾಗಿಲಲ್ಲಿ ಕಸ ಬಿಟ್ಟಿದ್ದನ್ನು ಎತ್ತಿ ಆಡಿದಳು. ಆಮೇಲೆ ವಯರು ಸುತ್ತುತ್ತಿದ್ದ ಮಗನನ್ನೇ ನೋಡುತ್ತ ಕೇಳಿದಳು:

“ಇಷ್ಟು ವರ್ಷ ಯಾರ್ಯಾರದೋ ಬಾಯಿ ದೊಡ್ಡದು ಮಾಡಿಕೊಟ್ಟೆ. ನಿನ್ನ ಬಾಯಿ ಎಲ್ಲಿಟ್ಟಿದ್ದೆಯೋ, ಮಗನೇ?”

ಅವಳು ಹೇಳಿದ್ದು ಬಲಗಿವಿಯ ಕಡೆಯಿಂದ. ಕೇಳಿಸಲಿಲ್ಲ ಎನ್ನಲು ಮಾವನಿಗೆ ದಾರಿಯಿರಲಿಲ್ಲ.