ಮೂಲೆಗೆ ಹಾಕಿದ ಫೋಟೋಗಳು

ನಮ್ಮ ಫೋಟೋ ಸ್ಟುಡಿಯೋ ಅಕ್ಕನ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿ ಕಾಣುತ್ತಿತ್ತು. ಬಲಗಣ್ಣನ್ನು ಕ್ಯಾಮೆರಾಕ್ಕೆ ಕೊಟ್ಟು ಎಡಗಣ್ಣನ್ನು ಕಿರಿದು ಮಾಡಿಯೇ ಅವರು ಅರ್ಧ ಆಯಸ್ಸು ಕಳೆದಿದ್ದರು. ಸಿಟ್ಟು ಬಂದರೆ ಆ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು.

ತುರುವೇಕೆರೆಯ ಆ ಸ್ಟುಡಿಯೋದಲ್ಲಿ ನನ್ನದು ಆಲ್ಬಂ ಜೋಡಿಸುವ ಕೆಲಸ. ಆಯಾ ದಿನದ್ದನ್ನು ಡೈರಿಯಲ್ಲಿ ಬರೆದಿಡುತ್ತೇನೆ. ಒಂದು ಸೋಮವಾರದ ಪುಟದಲ್ಲಿ ಹೀಗಿದೆ: 'ಫೋಟೋಗಳನ್ನು ತಾನೇ ವಿಂಗಡಿಸುವ ಎಐ ಬಂತು. ಹಾಕಿಸಿದ್ದು ಅಕ್ಕನ ತಮ್ಮ.' ಅದು ಪ್ರತಿ ಕೆಲಸಕ್ಕೂ ಮೊದಲು ಒಪ್ಪಿಗೆ ಕೇಳುತ್ತಿತ್ತು. ಆತನಿಗೆ ಬೇಸರವಾಗಿ, 'ಇನ್ನು ಯಾವುದಕ್ಕೂ ಕೇಳಬೇಡ' ಎಂಬ ಬಟನ್ ಒತ್ತಿ, 'ಡಿಸ್ಕ್ ತುಂಬಿದೆ, ಬೇಡದ್ದನ್ನು ತೆಗೆ' ಎಂದು ಬರೆದು ಟೀಗೆ ಹೋದ. ಬರುವಷ್ಟರಲ್ಲಿ ಮಸುಕಾದ ಫೋಟೋಗಳೆಲ್ಲ ಅಳಿದಿದ್ದವು. ಇನ್ನೊಂದು ಡಿಸ್ಕಿನಲ್ಲಿದ್ದ ಪ್ರತಿಗಳನ್ನೂ ಅದು ಬಿಟ್ಟಿರಲಿಲ್ಲ.

ಗುರುವಾರ ಕಿಬ್ಬನಹಳ್ಳಿಯಿಂದ ಒಬ್ಬ ಹೆಂಗಸು ಬಂದಳು. ತಾಯಿ ತೀರಿಕೊಂಡಿದ್ದರು. ತಿಥಿಗೆ ಇಡಲು ಒಂದು ಫೋಟೋವೂ ಇರಲಿಲ್ಲ.

"ನನ್ ಮದ್ವೇಲಿ ನೀವೇ ತೆಗ್ದಿದ್ರಿ ಕಣಕ್ಕ. ವಿಧವೆ ಅಂತ ಅಮ್ಮನ್ನ ಸ್ಟೇಜಿಗೆ ಬಿಡಲಿಲ್ಲ. ಕಂಬದ ಹತ್ರ ನಿಂತಿತ್ತು."

ಅಕ್ಕನಿಗೆ ನೆನಪಿತ್ತು. "ನಗ್ತಾ ಮುಖ ತಿರುಗಿಸ್ಬಿಟ್ರು. ಅದೊಂದೇ ಸಿಕ್ಕಿದ್ದು, ಅದೂ ಮಸುಕು."

ಹುಡುಕಿದೆವು. ಇರಲಿಲ್ಲ. ಆ ಹೆಂಗಸು ಮೆಟ್ಟಿಲಿಳಿದು ಹೋದಳು.

"ಮಸುಕು ಫೋಟೋ ಕಣಕ್ಕ, ಏನ್ ಮಹಾ ಹೋಯ್ತು?" ಎಂದ ತಮ್ಮ.

ಅಕ್ಕನ ಎಡಗಣ್ಣು ಮುಚ್ಚಿತು. "ಅವಳ ಹಿಂದೆ ಓಡೋಗಿ ಕೇಳ್ಲಾ ಅದನ್ನ!"

"ಅಳಿಸಿದ್ದು ನಾನಲ್ಲ, ಅದು."

"ಅದರ ಕೈಗೆ ಮಚ್ಚು ಕೊಟ್ಟು ಟೀ ಕುಡಿಯಕ್ಕೆ ಹೋದೋನು ಯಾರ್ಲಾ?"

ದಬ್ಬೇಘಟ್ಟದ ಅಕ್ಕನ ತವರಲ್ಲಿ ಕೊಬ್ಬರಿಗೆಂದು ತೆಂಗಿನಕಾಯಿಯನ್ನು ವರ್ಷಗಟ್ಟಲೆ ಅಟ್ಟದಲ್ಲಿ ಒಣಗಲು ಬಿಡುತ್ತಾರೆ. ಅಂದು ಅಕ್ಕ ಅದರ ಮಾತೇ ಎತ್ತಿದರು. "ನಮ್ಮಪ್ಪನ ಅಟ್ಟದಲ್ಲಿ ಕೆಟ್ಟ ಕಾಯಿನೂ ಆಳುಗಳು ಎಸೆಯಂಗಿಲ್ಲ. ಮೂಲೆಗೆ ಗುಡ್ಡೆ ಹಾಕ್ಬೇಕು. ಅಪ್ಪ ಒಂದೊಂದೂ ಅಲ್ಲಾಡಿಸಿ ಸದ್ದು ಕೇಳಿ, ಕೆಟ್ಟಿದೆ ಅಂತ ಗೊತ್ತಾದ ಮೇಲೇ ಹೊರಕ್ಕೆ. ನಿನ್ ಮಿಷನ್ನೂ ಹಂಗೇ ಇರ್ಲಿ."

ಅಂದೇ ಎಐಗೆ ಇದ್ದ ಅಳಿಸುವ ಅಧಿಕಾರ ಹೋಯಿತು. ಬೇಡವೆನಿಸಿದ್ದನ್ನು 'ಮೂಲೆ' ಎಂಬ ಫೋಲ್ಡರಿಗೆ ಸರಿಸುವುದಷ್ಟೇ ಅದರ ಕೆಲಸ. ಅಳಿಸುವ ಪಾಸ್‌ವರ್ಡ್ ನನಗೆ, ಅಳಿಸು ಎನ್ನುವ ಮಾತು ಅಕ್ಕನದು. ಶನಿವಾರ ಶನಿವಾರ ಇಬ್ಬರೂ ಕೂತು ನೋಡುತ್ತಿದ್ದೆವು. ಹೆಚ್ಚಿನವಕ್ಕೆ ಅಕ್ಕ ಹೇಳುತ್ತಿದ್ದುದು ಒಂದೇ: "ಇರ್ಲಿ ಬುಡು."

ಈ ಕಾರ್ತಿಕದಲ್ಲಿ ಅಕ್ಕ ಎದೆನೋವಿನಿಂದ ತೀರಿಕೊಂಡರು. ಹಾರ ಹಾಕಲು ಫೋಟೋ ಹುಡುಕಿದರೆ ಒಂದೂ ಇಲ್ಲ. ಎಲ್ಲ ಮದುವೆಗಳಲ್ಲೂ ಅವರು ಕ್ಯಾಮೆರಾದ ಹಿಂದೆ. ಕೊನೆಗೆ ಸಿಕ್ಕಿದ್ದು 'ಮೂಲೆ' ಫೋಲ್ಡರಿನಲ್ಲಿ. ಯಾರೋ ಮದುಮಗಳು ತಮಾಷೆಗೆ ಕ್ಯಾಮೆರಾ ಕಿತ್ತುಕೊಂಡು ತೆಗೆದದ್ದು. ಓರೆ, ಮಸುಕು. ಬೈಯುತ್ತಿರುವ ಬಾಯಿ, ಮುಚ್ಚಿದ ಎಡಗಣ್ಣು. ಅದನ್ನು ಹಿಡಿದುಕೊಂಡು ತಮ್ಮ ಗೊಳೋ ಎಂದು ಅತ್ತ.

ತಿಂಗಳೂ ತುಂಬಿರಲಿಲ್ಲ. ಈಗ ಅಂಗಡಿ ಆತನದು. "ಪ್ರತಿ ಸಲ ನಿನ್ನ ಕೇಳೋದು ಯಾವ ಕರ್ಮ ಕಣಮ್ಮ? ಅಳಿಸೋದನ್ನ ಆ ಮಿಷನ್ನಿಗೇ ಬಿಡಣ. ಪಾಸ್‌ವರ್ಡ್ ಕೊಡು" ಎಂದ.

ನನಗೆ ಸಿಟ್ಟು ಬಂತು. 'ಮೂಲೆ' ತೆರೆದು ಅಕ್ಕನ ಫೋಟೋ ಆತನ ಮುಂದಿಟ್ಟೆ.

"ಕೊಡ್ತೀನಣ್ಣ. ಮೊದ್ಲು ಇದನ್ನ ನಿಮ್ಮ ಕೈಯಾರೆ ಅಳಿಸಿ."

ಆತ ಮೌಸಿನ ಮೇಲೆ ಕೈಯಿಟ್ಟ; ಒತ್ತದೆ ಕೈ ತೆಗೆದು ಎದ್ದು ಹೋದ. ಪಾಸ್‌ವರ್ಡ್ ಇನ್ನೂ ನನ್ನ ಹತ್ತಿರವೇ ಇದೆ.